ತೆಂಗಿನ ಕಪ್ಪುತಲೆ ಹುಳ, ಅದರ ಕಂದು ಪತಂಗ: ಔಷಧಿ ಹೊಡೆಯುವ ಮೊದಲು ಎಲೆ ತಿರುಗಿಸಿ ನೋಡಿ

ಕೆಮ್ಮಣ್ಣು ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಸುವರ್ಣಾ ಹೊಳೆಯ ಹತ್ತಿರ ನಮ್ಮ ತೆಂಗಿನ ತೋಟ ಉಂಟು. ಮರಳು ಮಣ್ಣು, ಹೆಚ್ಚಿನವು ಹಳೆ ಮರಗಳು. ಚಳಿ ಮುಗಿಯುವ ಹೊತ್ತಿಗೆ ಕೆಳಗಿನ ಸುತ್ತಿನ ಮಡಲುಗಳು ಒಣಗಲು ಶುರುವಾದವು, ಈಗ ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ತಾಗಿದ ಹಾಗೆ ಕಾಣುತ್ತದೆ. ನೀರು ಸಾಲದು ಅಂತ ಒಬ್ಬರು ಹೇಳಿದರು, ಹೊಳೆಯ ಉಪ್ಪು ನೀರು ಬೇರಿಗೆ ಹೋಗಿದೆ ಅಂತ ಇನ್ನೊಬ್ಬರು. ಕಾಯಿ ಕೀಳುವವರು ಒಂದು ಮಡಲು ಕಡಿದು ಕೆಳಗೆ ಹಾಕಿದರು. ತಿರುಗಿಸಿ ನೋಡಿದರೆ ಎಲೆಗಳ ಅಡಿಯಲ್ಲಿ ಉದ್ದುದ್ದ ಕಂದು ಪುಡಿಯ ಬಲೆ, ಒಳಗೆ ಹುಳ. ಕಾಂಡದ ಮೇಲೆ ಸಣ್ಣ ಕಂದು ಪತಂಗಗಳೂ ಕೂತಿದ್ದವು. ಎರಡಕ್ಕೂ ಸಂಬಂಧ ಉಂಟಾ? ಅಂಗಡಿಯವರು ಔಷಧಿ ಕೊಟ್ಟಿದ್ದಾರೆ, ಇನ್ನೂ ಹೊಡೆದಿಲ್ಲ.

ಬ್ರಹ್ಮಾವರದ ಕೀಟ ವೀಕ್ಷಕ

ಸಂಬಂಧ ಉಂಟು ಅಣ್ಣ, ಎರಡೂ ಒಂದೇ ಜೀವಿ. ಹುಳಕ್ಕೆ ನಮ್ಮಲ್ಲಿ ಕಪ್ಪುತಲೆ ಹುಳ ಅನ್ನುತ್ತಾರೆ. ಅದು ಬೆಳೆದು ಆಗುವುದೇ ಆ ಕಂದು ಪತಂಗ. ವೈಜ್ಞಾನಿಕ ಹೆಸರು ಒಪಿಸಿನಾ ಅರೆನೊಸೆಲ್ಲಾ. ಆ ಹೆಸರು ಕೊಟ್ಟವರು ಫ್ರಾನ್ಸಿಸ್ ವಾಕರ್, 1864ರಲ್ಲಿ. ಹಳೆ ಕೃಷಿ ಬರಹಗಳಲ್ಲಿ ಹುಡುಕುವುದಾದರೆ ನೆಫಾಂಟಿಸ್ ಸೆರಿನೋಪಾ ಅಂತ ಹುಡುಕಿ, ತುಂಬಾ ವರ್ಷ ಆ ಹೆಸರೇ ಚಾಲ್ತಿಯಲ್ಲಿತ್ತು.

ದಯವಿಟ್ಟು ಆ ಔಷಧಿ ಡಬ್ಬ ಹಾಗೇ ಇರಲಿ. ಮೊದಲು ಒಂದು ಕೆಲಸ ಮಾಡಿ. ಬೇರೆ ಬೇರೆ ಮರದಿಂದ ಒಂದೊಂದು ಮಡಲು ತೆಗೆಸಿ, ಎಲೆ ತಿರುಗಿಸಿ, ಬಲೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ. ಒಳಗೆ ಸಣ್ಣ ಹುಳ ಜಾಸ್ತಿಯಾ, ದೊಡ್ಡ ಹುಳ ಜಾಸ್ತಿಯಾ, ಕೋಶವಾ, ಬರೀ ಖಾಲಿ ಬಲೆಯಾ ಅಂತ. ಮುಂದೆ ಏನು ಮಾಡಬೇಕು ಎನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಸಸಿಹಿತ್ಲು ಕಡಲಕರೆ

ಇದು ಕುರುವಾಯಿ ಕೆಲಸ ಅಲ್ವಾ? ನಮ್ಮಲ್ಲಿ ಯಾವ ಮಡಲು ಹಾಳಾದರೂ ಮೊದಲು ಕುರುವಾಯಿ ಅಂತಲೇ ಹೇಳುವುದು.

ಬ್ರಹ್ಮಾವರದ ಕೀಟ ವೀಕ್ಷಕ

ಅಲ್ಲ ಮಾರಾಯ್ರೆ. ಕುರುವಾಯಿ ದೊಡ್ಡ ಕಪ್ಪು ದುಂಬಿ, ಅದು ಸುಳಿಯನ್ನು ಕೊರೆಯುತ್ತದೆ. ಸುಳಿ ಬಿಚ್ಚಿದಾಗ ಮಡಲಿನ ಎಲೆಗಳು ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಿರುತ್ತವೆ, ಆದರೆ ಹಸಿರಾಗಿಯೇ ಇರುತ್ತವೆ. ಕಪ್ಪುತಲೆ ಹುಳ ಸುಳಿಗೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ಬಲಿತ ಎಲೆ, ಹಾಗಾಗಿ ಕೆಳಗಿನ ಮಡಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಎಲೆಯ ಅಡಿಯ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ, ಮೇಲಿನ ತೆಳು ಪೊರೆಯನ್ನು ಬಿಡುತ್ತದೆ. ಆ ಪೊರೆ ಒಣಗಿ ಕಂದಾಗುವುದೇ ನಿಮಗೆ ದೂರದಿಂದ ಕಾಣುವ ಬಣ್ಣ.

ಎಲೆಯ ಮೇಲೆ ಕಪ್ಪು ಮಸಿ, ಅಡಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಬಿಳಿನೊಣ. ಸುರುಳಿ ಆಕಾರದಲ್ಲಿ ಮೊಟ್ಟೆಯಿಡುವ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿ ಕಡೆ. ಅದು ಬೇರೆ ಕತೆ. ನೀರು ಸಾಲದೆ ಒಣಗಿದ ಮಡಲಿನ ಅಡಿಯಲ್ಲಿ ಬಲೆ ಇರುವುದಿಲ್ಲ, ಹಿಕ್ಕೆಯೂ ಇರುವುದಿಲ್ಲ. ತಿರುಗಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಉಳ್ಳಾಲದ ಟೀಚರ್

ಹುಳದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಪತಂಗದ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮ ಶಾಲೆಯ ಹಿಂದೆ ತೆಂಗಿನ ಮರಗಳಿವೆ, ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಅದರ ಬದುಕು ಹೇಗೆ, ಸ್ವಲ್ಪ ವಿವರವಾಗಿ ಹೇಳುತ್ತೀರಾ ಸರ್?

ಬ್ರಹ್ಮಾವರದ ಕೀಟ ವೀಕ್ಷಕ

ಖಂಡಿತ ಟೀಚರ್. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಪತಂಗ ಬೆರಳಿನ ಉಗುರಿನಷ್ಟು ಉದ್ದ. ಬಣ್ಣ ಬೂದು ಬೆರೆತ ಕಂದು. ಹಗಲು ಹೊತ್ತು ರೆಕ್ಕೆ ಮಡಚಿ ಕಾಂಡಕ್ಕೋ ಎಲೆಗೋ ಅಂಟಿ ಕೂರುತ್ತದೆ, ಮರದ ತೊಗಟೆಯ ಬಣ್ಣದಲ್ಲಿ ಸೇರಿಹೋಗುವುದರಿಂದ ಅಲುಗಾಡದಿದ್ದರೆ ಕಾಣುವುದೇ ಇಲ್ಲ. ಹೆಣ್ಣು ಸ್ವಲ್ಪ ದೊಡ್ಡದು, ಮುಂದಿನ ರೆಕ್ಕೆಯ ಮೇಲೆ ಮಸುಕಾದ ಮೂರು ಚುಕ್ಕೆಗಳಿರುತ್ತವೆ. ಗಂಡಿಗೆ ಹಿಂದಿನ ರೆಕ್ಕೆಯ ಅಂಚಿನಲ್ಲಿ ಕೂದಲಿನ ಅಂಚು ಎದ್ದು ಕಾಣುತ್ತದೆ. ರಾತ್ರಿ ಹಾರುತ್ತವೆ. ಒಂದು ವಾರದ ಆಸುಪಾಸು ಬದುಕುತ್ತವೆ, ಅಷ್ಟೆ. ಪತಂಗ ತೆಂಗಿಗೆ ಏನೂ ಮಾಡುವುದಿಲ್ಲ. ತಿನ್ನುವುದೆಲ್ಲ ಹುಳದ ಕಾಲದಲ್ಲಿ.

ಹೆಣ್ಣು ನೂರಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತದೆ. ಎಲ್ಲಿ ಇಡುತ್ತದೆ ಎನ್ನುವುದು ಮುಖ್ಯ. ಬಲಿತ ಎಲೆಯ ಅಡಿಯಲ್ಲಿ, ಹೆಚ್ಚಾಗಿ ಮೊದಲೇ ಹುಳ ತಿಂದಿರುವ ಜಾಗದ ಹತ್ತಿರ, ಹಳೆ ಬಲೆಯ ಮೇಲೆಯೇ ಗುಂಪಾಗಿ ಇಡುತ್ತದೆ. ಅದಕ್ಕೇ ಒಂದು ಸಲ ಹುಳ ಬಿದ್ದ ಮರಕ್ಕೆ ಮತ್ತೆ ಮತ್ತೆ ಬೀಳುತ್ತದೆ, ಪಕ್ಕದ ಮರ ಹಸಿರಾಗಿಯೇ ಇರುತ್ತದೆ. ನಾಲ್ಕೈದು ದಿನದಲ್ಲಿ ಮರಿ ಹೊರಬರುತ್ತದೆ.

ಮರಿ ಹುಳ ಹೊರಬಂದ ಕೂಡಲೇ ಮನೆ ಕಟ್ಟಲು ಶುರು ಮಾಡುತ್ತದೆ. ತನ್ನ ಬಾಯಿಯ ನೂಲು, ತನ್ನದೇ ಹಿಕ್ಕೆ, ಕೆರೆದ ಎಲೆಯ ಚೂರು, ಇವನ್ನು ಸೇರಿಸಿ ಒಂದು ಸುರಂಗ. ತಿನ್ನುತ್ತಾ ಹೋದ ಹಾಗೆ ಸುರಂಗವೂ ಉದ್ದವಾಗುತ್ತದೆ. ಹುಳ ಹೊರಗೆ ತಲೆ ಹಾಕುವುದು ಕಡಿಮೆ. ಬಲಿತ ಹುಳ ಹಸಿರು ಮೈ, ಉದ್ದಕ್ಕೆ ಕಂದು ಗೆರೆಗಳು, ತಲೆ ಮತ್ತು ಅದರ ಹಿಂದಿನ ಭಾಗ ಕಡು ಕಪ್ಪುಗಂದು, ಅದರ ಹಿಂದಿನ ಉಂಗುರ ಕೆಂಪು ಛಾಯೆ. ಸುಮಾರು 40 ದಿನ ಹುಳವಾಗಿರುತ್ತದೆ, ಆಮೇಲೆ ಅದೇ ಸುರಂಗದೊಳಗೆ ರೇಷ್ಮೆ ಹೊದಿಕೆ ಮಾಡಿ ಕೋಶವಾಗುತ್ತದೆ. ಇನ್ನು 12 ದಿನದಷ್ಟು ಕಳೆದರೆ ಪತಂಗ. ಒಟ್ಟು ಎರಡು ತಿಂಗಳ ಸುತ್ತು.

ತೆಂಗು ಮಾತ್ರ ಅಲ್ಲ, ತಾಳೆ, ಶ್ರೀತಾಳೆ, ಖರ್ಜೂರದ ಜಾತಿಯ ಮರಗಳಲ್ಲೂ ಬದುಕುತ್ತದೆ.

ಉಳ್ಳಾಲದ ಟೀಚರ್

ತುಂಬಾ ಧನ್ಯವಾದ ಸರ್. ಒಂದು ಎಲೆ ತುಂಡನ್ನು ಬಲೆ ಸಮೇತ ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿಟ್ಟರೆ ಪತಂಗ ಹೊರಬರುವುದನ್ನು ಮಕ್ಕಳು ನೋಡಬಹುದಲ್ವಾ?

ಬ್ರಹ್ಮಾವರದ ಕೀಟ ವೀಕ್ಷಕ

ನೋಡಬಹುದು, ಕೋಶ ಇರುವ ತುಂಡು ಆರಿಸಿ. ಆದರೆ ಪ್ರತಿ ಸಲ ಪತಂಗವೇ ಬರುತ್ತದೆ ಅಂತ ಮಕ್ಕಳಿಗೆ ಮೊದಲೇ ಹೇಳಬೇಡಿ. ಕೆಲವು ಕೋಶಗಳಿಂದ ಗಟ್ಟಿ ಮೈಯ, ದಪ್ಪ ಹಿಂಗಾಲಿನ ಕಪ್ಪು ಕಣಜ ಹೊರಬರುತ್ತದೆ. ಅದು ಬ್ರಾಕಿಮೇರಿಯಾ, ಕೋಶದೊಳಗೆ ಮೊಟ್ಟೆಯಿಟ್ಟು ಒಳಗಿನಿಂದಲೇ ತಿಂದು ಬೆಳೆದದ್ದು. ಪತಂಗ ಬಂದ ಬಾಟಲಿಗಿಂತ ಅದು ಬಂದ ಬಾಟಲಿ ಮಕ್ಕಳಿಗೆ ಜಾಸ್ತಿ ಕಲಿಸುತ್ತದೆ.

ಹೆಜಮಾಡಿ ಕೋಡಿ

ನಮ್ಮಲ್ಲಿ ಹಿರಿಯರು ಹೇಳುವುದು ಒಂದೇ ಮಾತು, ಮಳೆ ಬಂದರೆ ಹೋಗುತ್ತದೆ, ಸುಮ್ನೆ ಇರಿ ಅಂತ. ಇದು ಹೌದಾ?

ಬ್ರಹ್ಮಾವರದ ಕೀಟ ವೀಕ್ಷಕ

ಅರ್ಧ ಹೌದು. ನಮ್ಮ ಕರಾವಳಿಯಲ್ಲಿ ಜನವರಿಯಿಂದ ಮೇ ತನಕ ಇದು ಏರುತ್ತದೆ, ಜೂನ್ ಮಳೆ ಹಿಡಿದ ಮೇಲೆ ಇಳಿಯುತ್ತದೆ. ಹೊಳೆ ಬದಿ, ಹಿನ್ನೀರು, ಕಡಲಿನ ಮರಳು ದಿಬ್ಬದ ತೋಟಗಳಲ್ಲಿ ಇದರ ಕಾಟ ಜಾಸ್ತಿ. ಹಾಗಾಗಿ ಕೆಮ್ಮಣ್ಣು, ಹೆಜಮಾಡಿ, ಸಸಿಹಿತ್ಲು, ಉಳ್ಳಾಲದವರೇ ಇಲ್ಲಿ ಸೇರಿರುವುದು ಆಶ್ಚರ್ಯವಲ್ಲ.

ಆದರೆ ಇಳಿದರೆ ಮುಗಿಯಿತು ಅಂತ ಅಲ್ಲ. ತೆಂಗಿನ ಲೆಕ್ಕ ನೋಡಿ. ಮರ ತಿಂಗಳಿಗೆ ಸುಮಾರು ಒಂದು ಹೊಸ ಮಡಲು ಬಿಡುತ್ತದೆ, ಚೆನ್ನಾಗಿರುವ ಮರದ ತಲೆಯಲ್ಲಿ 30ಕ್ಕಿಂತ ಹೆಚ್ಚು ಮಡಲು. ಪ್ರತಿ ಮಡಲಿನ ಬುಡದಲ್ಲಿ ಒಂದು ಹಿಂಗಾರ. ಒಂದು ಬೇಸಿಗೆಯಲ್ಲಿ ಅರ್ಧ ತಲೆ ಒಣಗಿದರೆ ಮರ ಅದನ್ನು ತುಂಬಿಕೊಳ್ಳಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದ್ದಾರೆ, ಜೋರಾಗಿ ಹುಳ ಬಿದ್ದ ಮರಗಳಲ್ಲಿ ಮುಂದಿನ ವರ್ಷದ ಕಾಯಿ ಶೇ. 45.4ರಷ್ಟು ಕಡಿಮೆ. ಅಂದರೆ ನಷ್ಟ ಕಾಣುವುದು ಹುಳ ಹೋದ ಮೇಲೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ, ಗೊಬ್ಬರ ಸಾಲದು ಅನ್ನುತ್ತಾರೆ. ಮಡಲೂ ಹೆಣೆಯಲು ಬರುವುದಿಲ್ಲ, ಮುಟ್ಟಿದರೆ ಪುಡಿಯಾಗುತ್ತದೆ.

ಮೂಲ್ಕಿ ಸಾಲುತೋಟ

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಮ್ಮಲ್ಲಿ ಜೋರಾಗಿ ಬಂದಾಗ ಕೆಳಗಿನ ಮಡಲನ್ನೆಲ್ಲ ಕಡಿದು ಸುಟ್ಟೆವು. ಮೊಟ್ಟೆ, ಹುಳ, ಕೋಶ ಎಲ್ಲ ಒಂದೇ ಸಲ ಹೋಯಿತು. ಕಣಜ, ಪತಂಗ ಅಂತ ನೋಡುತ್ತಾ ಕೂತರೆ ತೋಟ ಉಳಿಯುತ್ತದಾ?

ಬ್ರಹ್ಮಾವರದ ಕೀಟ ವೀಕ್ಷಕ

ಬೇಸರ ಯಾಕೆ ಅಣ್ಣ, ಕಡಿದು ಸುಡುವುದು ಇಲಾಖೆಯವರೂ ಹೇಳುವ ಕ್ರಮವೇ. ಹೊರಸುತ್ತಿನ, ಪೂರ್ತಿ ಒಣಗಿದ ಎರಡು ಮೂರು ಮಡಲು ತೆಗೆಯುವುದು ಸರಿ. ನನ್ನ ತಕರಾರು 'ಎಲ್ಲ' ಎನ್ನುವಲ್ಲಿ. ಅರ್ಧ ಹಸಿರು ಉಳಿದ ಮಡಲನ್ನೂ ಕಡಿದರೆ ಹುಳ ಮಾಡುವ ನಷ್ಟವನ್ನು ಕತ್ತಿಯೇ ಮಾಡಿದ ಹಾಗಾಯಿತು. ಇನ್ನೊಂದು, ಆ ಬೆಂಕಿಯಲ್ಲಿ ಹುಳದ ಜೊತೆ ನಮ್ಮ ಪರ ಕೆಲಸ ಮಾಡುವವರೂ ಸುಟ್ಟುಹೋಗುತ್ತಾರೆ. ಅವರ ಬಗ್ಗೆ ಹೇಳಲೇಬೇಕು.

ಬಲೆ ಬಿಡಿಸುವಾಗ ಕೆಲವು ಹುಳ ಅಲುಗಾಡದೆ ಬಿದ್ದಿರುತ್ತದೆ, ಸತ್ತಿರುವುದಿಲ್ಲ. ಪಕ್ಕದಲ್ಲಿ ಕಪ್ಪು ಇರುವೆ ಅಂತ ತಿಳಿಯುವಷ್ಟು ಸಣ್ಣ ಜೀವಿಯೊಂದು ನಿಂತಿರುತ್ತದೆ. ಅದನ್ನು ಒರೆಸಿ ಹಾಕಬೇಡಿ. ಅದು ಗೋನಿಯೋಜಸ್ ನೆಫಾಂಟಿಡಿಸ್ ಎನ್ನುವ ಕಣಜ. ಹಿಕ್ಕೆಯ ವಾಸನೆ ಹಿಡಿದು ಸುರಂಗದೊಳಗೆ ನುಗ್ಗುತ್ತದೆ, ತನಗಿಂತ ಎಷ್ಟೋ ದೊಡ್ಡ ಹುಳವನ್ನು ಕುಟುಕಿ ಮರಗಟ್ಟಿಸುತ್ತದೆ, ಅದರ ಮೈಮೇಲೆ ಹತ್ತರ ಆಸುಪಾಸು ಮೊಟ್ಟೆ ಅಂಟಿಸುತ್ತದೆ. ಹೆಚ್ಚಿನ ಕಣಜಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಇದು ಹೋಗುವುದಿಲ್ಲ. ಮೊಟ್ಟೆ ಒಡೆದು, ಮರಿಗಳು ಹುಳದ ರಸ ಹೀರಿ ಬೆಳೆದು, ಗೂಡು ನೇಯುವವರೆಗೂ ತಾಯಿ ಅಲ್ಲೇ ಕಾಯುತ್ತದೆ. ಬೇರೆ ಹೆಣ್ಣು ಬಂದರೆ ಜಗಳವಾಡಿ ಓಡಿಸುತ್ತದೆ. ಬಂದದ್ದು ಗೆದ್ದರೆ ಇದರ ಮೊಟ್ಟೆಗಳನ್ನು ನಾಶ ಮಾಡಿ ತನ್ನದನ್ನು ಇಡುತ್ತದೆ. ಹೊರಬರುವ ಮರಿಗಳಲ್ಲಿ ಹೆಚ್ಚಿನವು ಹೆಣ್ಣೇ, ಗಂಡು ಒಂದೋ ಎರಡೋ. ಎರಡು ವಾರದೊಳಗೆ ಒಂದು ತಲೆಮಾರು ಮುಗಿಯುತ್ತದೆ, ಪತಂಗಕ್ಕೆ ಎರಡು ತಿಂಗಳು ಬೇಕು. ಈ ಅಂತರವೇ ನಮ್ಮ ಬಲ.

ಇದೊಂದೇ ಅಲ್ಲ. ಬ್ರಾಕಾನ್ ಬ್ರೆವಿಕಾರ್ನಿಸ್ ಎನ್ನುವ ಕಣಜ ಕೂಡ ಹುಳದ ಮೇಲೆ ಬೀಳುತ್ತದೆ. ಎಲಾಸ್ಮಸ್ ಎನ್ನುವುದು ಹುಳ ತಿನ್ನುವುದು ನಿಲ್ಲಿಸಿ ಕೋಶವಾಗಲು ಹೊರಟ ಹೊತ್ತನ್ನು ಹಿಡಿಯುತ್ತದೆ. ಕೋಶಕ್ಕೆ ಮೇಲೆ ಹೇಳಿದ ಬ್ರಾಕಿಮೇರಿಯಾ. ಒಬ್ಬೊಬ್ಬರಿಗೆ ಒಂದೊಂದು ಹಂತ. ಜೇಡಗಳೂ ಬಲೆಯ ಸುತ್ತ ಓಡಾಡಿಕೊಂಡಿರುತ್ತವೆ.

ಮೂಲ್ಕಿ ಸಾಲುತೋಟ

ಇಷ್ಟೆಲ್ಲ ಶತ್ರುಗಳಿದ್ದರೆ ಹುಳ ಇಷ್ಟು ಜೋರಾಗಿ ಯಾಕೆ ಬರಬೇಕು? ಇದಕ್ಕೆ ಉತ್ತರ ಕೊಡಿ.

ಬ್ರಹ್ಮಾವರದ ಕೀಟ ವೀಕ್ಷಕ

ಒಳ್ಳೆಯ ಪ್ರಶ್ನೆ. ಜೋರಾಗಿ ಬಿದ್ದ ತೋಟದಲ್ಲಿ ಒಂದು ವಿಚಿತ್ರ ಕಾಣುತ್ತದೆ, ಎಲ್ಲ ಹುಳಗಳೂ ಒಂದೇ ವಯಸ್ಸಿನವು. ಒಂದು ತಿಂಗಳು ಬರೀ ಹುಳ, ಆಮೇಲೆ ಬರೀ ಕೋಶ, ಆಮೇಲೆ ಒಮ್ಮೆಲೇ ಪತಂಗ. ಬೇಸಿಗೆಯಲ್ಲಿ ಕಾಂಡದ ತುಂಬ ಪತಂಗ ಕಂಡು ಮರುವಾರ ಒಂದೂ ಇಲ್ಲದಿರುವುದು ಇದಕ್ಕೇ. ಶ್ರೀಲಂಕಾದಲ್ಲಿ 1980ರ ದಶಕದಲ್ಲಿ ಇದರ ಮೇಲೆ ಒಳ್ಳೆಯ ಅಧ್ಯಯನ ನಡೆದಿದೆ. ಶತ್ರು ಕೀಟಗಳ ಕಾಟದಿಂದಲೇ ಈ ಒಂದೇ ವಯಸ್ಸಿನ ಲಯ ಹುಟ್ಟಬಹುದು ಎನ್ನುವುದು ಅಲ್ಲಿನ ವಾದ.

ಈಗ ಗೋನಿಯೋಜಸ್ ಕಡೆಯಿಂದ ಯೋಚಿಸಿ. ಅದಕ್ಕೆ ಸ್ವಲ್ಪ ಬೆಳೆದ ಹುಳವೇ ಬೇಕು. ತೋಟವೆಲ್ಲ ಕೋಶ, ಪತಂಗ, ಮೊಟ್ಟೆ, ಪುಟ್ಟ ಮರಿ ಅಂತ ಇರುವ ವಾರಗಳಲ್ಲಿ ಅದಕ್ಕೆ ಊಟವೂ ಇಲ್ಲ, ಮೊಟ್ಟೆಯಿಡಲು ಜಾಗವೂ ಇಲ್ಲ. ಮತ್ತೆ ಹುಳ ಬೆಳೆಯುವ ಹೊತ್ತಿಗೆ ಕಣಜದ ಸಂಖ್ಯೆ ತೀರಾ ಕಡಿಮೆಯಾಗಿರುತ್ತದೆ. ಆ ಅಂತರದಲ್ಲಿ ಹುಳ ಗೆಲ್ಲುತ್ತದೆ. ನಾವು ಹೊರಗಿನಿಂದ ಕಣಜ ತಂದು ಬಿಡುವುದು ಈ ಅಂತರ ತುಂಬಲಿಕ್ಕೆ. ಅದಕ್ಕೇ ಮೊದಲ ಉತ್ತರದಲ್ಲೇ ಎಲೆ ತಿರುಗಿಸಿ ನೋಡಿ ಅಂದದ್ದು.

ಸಸಿಹಿತ್ಲು ಕಡಲಕರೆ

ಬೇರಿಗೆ ಔಷಧಿ ಕಟ್ಟುವ ಕ್ರಮ ಒಂದಿತ್ತಲ್ಲ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ? ನಮ್ಮ ಪಕ್ಕದ ತೋಟದವರು ಮಾಡಿಸಿದ್ದರು. ಮಾಡಿದವರು ಎಷ್ಟು ದಿನ ಕಾಯಿ ಕೀಳಬಾರದು ಅಂತ ಹೇಳಲೇ ಇಲ್ಲ. ಮರುವಾರ ಅದೇ ಮರದ ಬೊಂಡ ಮಾರಾಟಕ್ಕೆ ಹೋಯಿತು. ಇವತ್ತಿಗೂ ನನಗೆ ಸಿಟ್ಟಿದೆ.

ಬ್ರಹ್ಮಾವರದ ಕೀಟ ವೀಕ್ಷಕ

ಸಿಟ್ಟು ಬರಬೇಕಾದದ್ದೇ. ಅಂಥ ಔಷಧಿ ಮರದ ರಸದ ಜೊತೆ ಮೇಲೇರಿ ಎಲೆಗೆ ಹೋಗುತ್ತದೆ. ಕಟ್ಟುವ ಮೊದಲು ಕಾಯಿ ಕಿತ್ತು, ಆಮೇಲೆ 45 ದಿನ ಮುಟ್ಟಬಾರದು ಎನ್ನುವುದು ಆ ಕ್ರಮದ ಜೊತೆಗೇ ಇದ್ದ ನಿಯಮ. ಬೊಂಡ ಕುಡಿಯುವ ಊರಿನಲ್ಲಿ, ಬಾವಿಯೂ ತೋಟದ ಮಧ್ಯವೇ ಇರುವಲ್ಲಿ, ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಮೇಲಿನಿಂದ ಸಿಂಪಡಿಸುವುದೂ ಅಷ್ಟೇ. ಹುಳ ಇರುವುದು ಎಲೆಯ ಅಡಿಯಲ್ಲಿ, ಅದೂ ಹಿಕ್ಕೆಯ ಸುರಂಗದೊಳಗೆ. ಎತ್ತರದ ಮರಕ್ಕೆ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದಕ್ಕಿಂತ ಹೊರಗೆ ಓಡಾಡುವ ಕಣಜಕ್ಕೆ ಬೇಗ ಮುಟ್ಟುತ್ತದೆ. ಉಳಿದದ್ದು ಹೊಳೆಗೆ.

ಹೆಜಮಾಡಿ ಕೋಡಿ

ಈ ಕಣಜ ಸಾಕುವ ವಿದ್ಯೆ ಹೊಸತಾ?

ಬ್ರಹ್ಮಾವರದ ಕೀಟ ವೀಕ್ಷಕ

ಹೊಸತಲ್ಲ, ಹಲವು ದಶಕಗಳ ಕೆಲಸ, ಬಹಳಷ್ಟು ನಮ್ಮ ಪಕ್ಕದಲ್ಲೇ ಆದದ್ದು. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ, ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅದೇ 1970ರಲ್ಲಿ ಸಿಪಿಸಿಆರ್‌ಐ ಆಯಿತು. ಪ್ರಯೋಗಾಲಯದಲ್ಲಿ ಗೋನಿಯೋಜಸ್ ಸಾಕಲು ಕಪ್ಪುತಲೆ ಹುಳವೇ ಬೇಕಂತಿಲ್ಲ. ಅಕ್ಕಿ ಪತಂಗದ ಹುಳದ ಮೇಲೂ ಬೆಳೆಯುತ್ತದೆ. ನಮ್ಮ ಅಕ್ಕಿ ಡಬ್ಬದಲ್ಲಿ ಕಾಳುಗಳನ್ನು ನೂಲಿನಿಂದ ಅಂಟಿಸುತ್ತದಲ್ಲ, ಅದೇ ಹುಳ. ಜೋಳದ ನುಚ್ಚಿನಲ್ಲಿ ಅದನ್ನು ಸಾಕುತ್ತಾರೆ.

ಈಚೆಗೆ ಈ ಪತಂಗ ನಮ್ಮ ಸೀಮೆ ದಾಟಿಯೂ ಹೋಗಿದೆ. ಥಾಯ್ಲೆಂಡಿನ ತೆಂಗಿನ ತೋಟಗಳಲ್ಲಿ ಬಹಳ ಹಾಳುಮಾಡಿತು, ಅವರು ಶ್ರೀಲಂಕಾದಿಂದ ಗೋನಿಯೋಜಸ್ ತರಿಸಿ ಸಾಕಿ ಬಿಟ್ಟರು. ಚೀನಾದ ಹೈನಾನ್ ದ್ವೀಪದಲ್ಲಿ 2013ರಲ್ಲಿ ಕಾಣಿಸಿಕೊಂಡಿತು.

ಉಳ್ಳಾಲದ ಟೀಚರ್

ಪತಂಗ ಯಾವಾಗ ಏಳುತ್ತದೆ ಅಂತ ಮರ ಹತ್ತದೆ ತಿಳಿಯಲು ಏನಾದರೂ ದಾರಿ ಉಂಟಾ ಸರ್?

ಬ್ರಹ್ಮಾವರದ ಕೀಟ ವೀಕ್ಷಕ

ಉಂಟು, ಮೋಹಕ ಬಲೆ. ಹೆಣ್ಣು ಪತಂಗ ಗಂಡನ್ನು ಕರೆಯಲು ರಾತ್ರಿ ಒಂದು ವಾಸನೆ ಬಿಡುತ್ತದೆ. ಅದನ್ನು ನಮ್ಮ ದೇಶದಲ್ಲೇ ಗುರುತಿಸಿ ತಯಾರಿಸಿದ್ದಾರೆ, ಪತಂಗ ಹಿಡಿಯುವ ಈ ಬಲೆಯಲ್ಲಿ ಇಡುವುದು ಅದನ್ನೇ. ಹಲವು ಪತಂಗಗಳಲ್ಲಿ ಎರಡು ಮೂರು ರಾಸಾಯನಿಕ ಬೆರೆಯಬೇಕು, ಇದರಲ್ಲಿ ಒಂದೇ ಒಂದು ಸಾಕು. ಬಲೆಗೆ ಬೀಳುವುದು ಗಂಡು ಮಾತ್ರ. ಅದನ್ನು ಕೊಲ್ಲುವ ಸಾಧನ ಅಂತ ನೋಡುವುದಕ್ಕಿಂತ ಹೊತ್ತು ತಿಳಿಸುವ ಸಾಧನ ಅಂತ ನಾನು ನೋಡುತ್ತೇನೆ. ಬಲೆಯಲ್ಲಿ ಒಮ್ಮೆಲೇ ಗಂಡು ಜಾಸ್ತಿ ಬಿದ್ದರೆ ಆ ವಾರದಲ್ಲಿ ಮೊಟ್ಟೆ ಬೀಳುತ್ತಿದೆ ಅಂತ ಅರ್ಥ. ಅಲ್ಲಿಂದ ಎರಡು ಮೂರು ವಾರ ಬಿಟ್ಟು ಎಲೆ ನೋಡಲು ಶುರು ಮಾಡಬೇಕು.

ಕೆಮ್ಮಣ್ಣು ಹೊಳೆಬದಿ

ನೀವು ಹೇಳಿದ ಹಾಗೆ ಮಡಲು ತೆಗೆಸಿ ನೋಡಿದೆವು. ಹೊಳೆಗೆ ಹತ್ತಿರದ ಸಾಲಿನಲ್ಲಿ ಹೆಚ್ಚಿನದು ಮಧ್ಯಮ ಗಾತ್ರದ ಹುಳ, ಹಸಿರು ಮೈ, ಗೆರೆ ಸರಿಯಾಗಿ ಕಾಣುತ್ತದೆ. ಕೋಶ ಅಲ್ಲೊಂದು ಇಲ್ಲೊಂದು. ಮನೆ ಹತ್ತಿರದ ಸಾಲಿನಲ್ಲಿ ಕೆಲವು ಹುಳ ಅಲುಗಾಡದೆ ಬಿದ್ದಿವೆ, ಅವುಗಳ ಪಕ್ಕ ಬಿಳಿ ಬಿಳಿ ಸಣ್ಣ ಗೂಡುಗಳ ಗುಂಪು. ಕಪ್ಪು ಇರುವೆಯಂಥದ್ದನ್ನು ನನ್ನ ಮಗಳು ತೋರಿಸಿದಳು. ಈಗ ಏನು ಮಾಡಲಿ?

ಬ್ರಹ್ಮಾವರದ ಕೀಟ ವೀಕ್ಷಕ

ತುಂಬಾ ಖುಷಿಯಾಯಿತು. ಮನೆ ಹತ್ತಿರದ ಸಾಲಿಗೆ ಕೈ ಹಾಕಬೇಡಿ, ಅಲ್ಲಿ ಗೋನಿಯೋಜಸ್ ಆಗಲೇ ಕೆಲಸ ಶುರು ಮಾಡಿದೆ. ಆ ಬಿಳಿ ಗೂಡುಗಳು ಅದರ ಮರಿಗಳವು. ಅಂಥ ಮಡಲನ್ನು ಸುಡಲೇಬೇಡಿ.

ಹೊಳೆಬದಿಯ ಸಾಲಿಗೆ ಕಣಜ ಬಿಡಲು ಇದೇ ಸರಿಯಾದ ಹೊತ್ತು, ಹುಳ ಬೇಕಾದಷ್ಟು ಬೆಳೆದಿದೆ. ತೋಟಗಾರಿಕೆ ಇಲಾಖೆಯವರನ್ನು ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ, ಎಲ್ಲಿ ಸಿಗುತ್ತದೆ ಅಂತ ದಾರಿ ತೋರಿಸುತ್ತಾರೆ. ಮರಕ್ಕೆ ಎಷ್ಟು ಎನ್ನುವುದನ್ನು ಹುಳದ ಸಂಖ್ಯೆ ನೋಡಿ ತೀರ್ಮಾನಿಸುತ್ತಾರೆ. ಸಿಪಿಸಿಆರ್‌ಐ ಲೆಕ್ಕದಲ್ಲಿ 100 ಹುಳಕ್ಕೆ ಸುಮಾರು 20 ಗೋನಿಯೋಜಸ್. ಹಾಗಾಗಿ ಕೆಲವು ಎಲೆಗಳ ಹುಳ ಎಣಿಸಿ ಬರೆದುಕೊಂಡು ಹೋಗಿ, ಬರಿಗೈಯಲ್ಲಿ ಹೋಗಿ ಜಾಸ್ತಿ ಹುಳ ಉಂಟು ಅಂದರೆ ಅವರಿಗೂ ಕಷ್ಟ.

ತಂದ ಕಣಜಕ್ಕೆ ಬಿಡುವ ಮೊದಲು ಜೇನು ತಿನ್ನಿಸಿರಬೇಕು, ಗಂಡು ಹೆಣ್ಣು ಕೂಡಿರಬೇಕು. ಸಾಕುವವರನ್ನು ಇದನ್ನು ಕೇಳಿಯೇ ತನ್ನಿ. ಇನ್ನೊಂದು ಉಪಾಯ, ನಿಮ್ಮ ತೋಟದ ಹಿಕ್ಕೆ ಬಲೆಯ ತುಂಡನ್ನು ಕಣಜದ ಕೊಳವೆಯ ಹತ್ತಿರ ಮೊದಲೇ ಇಟ್ಟು ವಾಸನೆ ತೋರಿಸಿ. ಅಕ್ಕಿ ಪತಂಗದ ಹುಳದ ಮೇಲೆ ಬೆಳೆದ ಕಣಜಕ್ಕೆ ಕಪ್ಪುತಲೆ ಹುಳದ ವಾಸನೆ ಹೊಸತು, ಒಮ್ಮೆ ಪರಿಚಯವಾದರೆ ಮರದಲ್ಲಿ ಬೇಗ ಹುಡುಕುತ್ತದೆ. ಇರುವೆ ಸಾಲು ಇರುವ ಕಾಂಡದಲ್ಲಿ ಬಿಡಬೇಡಿ. ಪಕ್ಕದ ತೋಟದವರ ಜೊತೆಯೂ ಮಾತಾಡಿ, ಅವರು ಅದೇ ವಾರ ಔಷಧಿ ಹೊಡೆಯುವುದಿದ್ದರೆ ನಿಮ್ಮ ಕಣಜ ಉಳಿಯುವುದಿಲ್ಲ. ಪೂರ್ತಿ ಒಣಗಿದ ಮಡಲು ಮಾತ್ರ ತೆಗೆಸಿ. ಬಿಟ್ಟ ಎರಡು ವಾರದ ಮೇಲೆ ಅದೇ ಮರಗಳ ಎಲೆ ಮತ್ತೆ ತಿರುಗಿಸಿ, ಬಿಳಿ ಗೂಡು ಎಷ್ಟು ಕಾಣುತ್ತದೆ ಅಂತ ಇಲ್ಲೇ ಹಾಕಿ. ಕಡಿಮೆ ಇದ್ದರೆ ಇನ್ನೊಮ್ಮೆ ಬಿಡಬೇಕಾಗುತ್ತದೆ.